ಕಾಪುವಿಗೆ ದಾಟಿದ ಸುದ್ದಿ

ಮುದ್ದಣ್ಣ ಹೋಗಿ ಒಂದು ಮಳೆಗಾಲ ಕಳೆಯಿತು. ಸತ್ತವರನ್ನೆಲ್ಲ ಒಳ್ಳೆಯವರನ್ನಾಗಿ ಮಾಡುವ ಚಾಳಿ ನಮ್ಮ ಊರಿಗಿದೆ, ನನಗಿಲ್ಲ. ಅವರು ಒಳ್ಳೆಯ ಕಂಡಕ್ಟರ್ ಆಗಿದ್ದರು ಎಂದರೆ ಅದು ಶುದ್ಧ ಸುಳ್ಳು. ಚಿಲ್ಲರೆ ಕೊಡುವಾಗ ಮುಖ ಗಂಟಿಕ್ಕುತ್ತಿದ್ದರು. ಇಳಿಯುವವರ ಒಂದು ಕಾಲು ಇನ್ನೂ ಮೆಟ್ಟಿಲ ಮೇಲಿರುವಾಗಲೇ ಸೀಟಿ ಊದುತ್ತಿದ್ದರು. ಉಸಿರಾಡುವುದಕ್ಕೂ ಜಾಗವಿಲ್ಲದ ಬಸ್ಸಿನಲ್ಲಿ "ಟೀಚರ್, ಒಳಗೆ ಹೋಗಿ, ಒಳಗೆ ಫುಟ್‌ಬಾಲ್ ಆಡುವಷ್ಟು ಜಾಗ ಉಂಟು" ಎಂದು ನನ್ನನ್ನು ದಿನಾ ತಳ್ಳುತ್ತಿದ್ದರು.

ಆ ಟೀಚರ್ ನಾನೇ, ಲೊರ್ನಾ. ಸಂತೆಕಟ್ಟೆಯಲ್ಲಿ ಮನೆ, ಕಾರ್ಕಳದ ಶಾಲೆಯಲ್ಲಿ ಕನ್ನಡ ಪಾಠ. ಕೊಂಕಣಿ ಮನೆಮಾತಿನವಳು ಕನ್ನಡ ಕಲಿಸುವುದು, ತುಳು ಮನೆಮಾತಿನ ಮಕ್ಕಳು ಅದನ್ನು ಕಲಿಯುವುದು ನಮ್ಮ ಕಡೆ ಯಾರಿಗೂ ವಿಚಿತ್ರವಲ್ಲ. ನನ್ನ ನೌಕರಿಯ ಅಷ್ಟೂ ವರ್ಷ ಉಡುಪಿಯಿಂದ ಮಣಿಪಾಲ, ಹಿರಿಯಡಕ ದಾಟಿ ಕಾರ್ಕಳಕ್ಕೆ ನನ್ನನ್ನು ಮುಟ್ಟಿಸಿದ್ದು ಮುದ್ದಣ್ಣನ ಬಸ್ಸು. ಓಡಿಸುತ್ತಿದ್ದವರು ಡ್ರೈವರ್ ದೂಮಪ್ಪ. ಹಾರ್ನ್ ಒತ್ತದೆ ಅವರು ಒಂದು ತಿರುವನ್ನೂ ತೆಗೆದವರಲ್ಲ. ಎದುರಿಗೆ ಯಾರೂ ಇಲ್ಲದಿದ್ದರೂ ಒತ್ತುತ್ತಿದ್ದರು.

ಆದರೆ ಸುದ್ದಿ ಮುಟ್ಟಿಸುವುದರಲ್ಲಿ ಮುದ್ದಣ್ಣನ ಸಮಕ್ಕೆ ಇನ್ನೊಬ್ಬರು ಇರಲಿಲ್ಲ. ಈಗಿನವರಿಗೆ ಇದನ್ನು ಬಿಡಿಸಿ ಹೇಳಬೇಕು. ಮೊಬೈಲು ಬರುವ ಮೊದಲು ನಮ್ಮಲ್ಲಿ ಬಸ್ಸೇ ಟಪಾಲು. ಹೂವಿನ ಕಟ್ಟು, ಮದ್ದಿನ ಬಾಟಲಿ, ಮರೆತುಹೋದ ಕನ್ನಡಕ ಎಲ್ಲವೂ ಬಸ್ಸಿನಲ್ಲಿ ಹೋಗುತ್ತಿದ್ದವು. ಬಾಯಿಮಾತಿನ ಸುದ್ದಿಯೂ ಹೋಗುತ್ತಿತ್ತು. ಬೈಲೂರಿನಲ್ಲಿ ಒಬ್ಬರು ಬಸ್ಸಿಗೆ ಕೈ ಅಡ್ಡ ಹಿಡಿದು, "ಕಾಪುವಿನ ನಮ್ಮ ಅಕ್ಕನಿಗೆ ಹೇಳಿ, ಭಾನುವಾರ ಬರುವುದಿಲ್ಲ ಅಂತ" ಎನ್ನುತ್ತಿದ್ದರು. ಮುದ್ದಣ್ಣ ಅದನ್ನು ಉಡುಪಿಯ ಬಸ್‌ಸ್ಟ್ಯಾಂಡಿನಲ್ಲಿ ಕಾಪುವಿನ ಬಸ್ಸಿನ ಕಂಡಕ್ಟರನಿಗೆ ದಾಟಿಸುತ್ತಿದ್ದರು. ರಸ್ತೆಯಲ್ಲಿ ಈ ಬಸ್ಸುಗಳದ್ದು ಎಣ್ಣೆ ಸೀಗೆಕಾಯಿ ಸಂಬಂಧ. ಓವರ್‌ಟೇಕ್ ಮಾಡಿದವನ ಅಜ್ಜನವರೆಗೆ ಬೈಗುಳ ಹೋಗುತ್ತಿತ್ತು. ಧಣಿಗಳು ಬೇರೆ, ಬಣ್ಣ ಬೇರೆ, ಜಗಳ ದಿನನಿತ್ಯದ್ದು. ಆದರೂ ಒಬ್ಬರ ಸುದ್ದಿಯನ್ನು ಇನ್ನೊಬ್ಬರು ಬೇಡ ಎಂದದ್ದನ್ನು ನಾನು ಕಾಣೆ.

ತೊಂದರೆ ಇದ್ದದ್ದು ಒಂದೇ. ದಾಟಿಸಿದ ಮೇಲೆ ಸುದ್ದಿ ಆ ಕಂಡಕ್ಟರನ ಬಾಯಿಯ ಪಾಲು. ಕಾಪು ಲೈನಿನಲ್ಲಿ ಒಬ್ಬನಿದ್ದ. ಬಾಗಿಲಲ್ಲಿ ನೇತಾಡಿಕೊಂಡೇ, "ಓ ಅಜ್ಜೀ, ನಿಮ್ಮ ಮಗಳು ಹೆತ್ತಳು, ಹೆಣ್ಣು!" ಎಂದು ಕೂಗಿ ಹೋಗುತ್ತಿದ್ದ. ಅಜ್ಜಿಗೆ ಕಿವಿ ಮಂದ. ಅಜ್ಜಿಯೊಬ್ಬರನ್ನು ಬಿಟ್ಟು ಇಡೀ ಪೇಟೆಗೆ ಗೊತ್ತಾಗುತ್ತಿತ್ತು.

ಮುದ್ದಣ್ಣ ಹಾಗಲ್ಲ. ಸಾವಿನ ಸುದ್ದಿಯಾದರೆ ಬಸ್ಸು ನಿಲ್ಲಿಸಿ, ಇಳಿದು, ಗೇಟಿನವರೆಗೆ ನಡೆದುಹೋಗಿ, ಮನೆಯ ಒಬ್ಬರನ್ನು ಮಾತ್ರ ಕರೆದು ಹೇಳುತ್ತಿದ್ದರು. ಕಿಟಕಿಯಿಂದ ನೋಡುವ ನಮಗೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು. ವಾಪಸ್ ಬಂದವರನ್ನು "ಎಂತ ಆಯಿತು ಮುದ್ದಣ್ಣ?" ಎಂದು ಕೇಳಿದರೆ "ಟಿಕೆಟ್ ತೆಗೆಯಿರಿ" ಎನ್ನುವುದೇ ಉತ್ತರ. ಬಸ್ಸು ತಡವಾಯಿತೆಂದು ಆಗ ನಾವು ಗೊಣಗುತ್ತಿದ್ದೆವು. ಈಗ ಅವರನ್ನು ನೆನೆದರೆ ಮೊದಲು ಕಾಣುವುದು ಆ ಬೆನ್ನೇ.

ಅವರ ಬದುಕಿನ ದೊಡ್ಡ ಸುದ್ದಿ ಮನೋರಮಾಳದ್ದು. ಮನೋರಮಾ ನನ್ನ ವಿದ್ಯಾರ್ಥಿನಿ, ಮುದ್ದಣ್ಣನ ಬಸ್ಸಿನಲ್ಲೇ ಎರಡು ಜಡೆ ಹಾಕಿಕೊಂಡು ಶಾಲೆಗೆ ಬರುತ್ತಿದ್ದವಳು. ಅವಳ ಮದುವೆ ಕಾಪುವಿನ ಮದುವೆ ಹಾಲಿನಲ್ಲಿ ನಿಶ್ಚಯವಾಗಿತ್ತು. ಅಪ್ಪ ಮಣಿಪಾಲದ ಆಸ್ಪತ್ರೆಯಲ್ಲಿದ್ದರು. "ನಾನಿಲ್ಲದಿದ್ದರೂ ಮುಹೂರ್ತ ತಪ್ಪಬಾರದು" ಎಂದು ಹಟ ಹಿಡಿದಿದ್ದರಂತೆ. ಮದುವೆಯ ಬೆಳಿಗ್ಗೆಯೇ ತೀರಿಕೊಂಡರು. ಆಸ್ಪತ್ರೆಯಲ್ಲಿದ್ದ ನೆಂಟರು ಮಣಿಪಾಲದ ಸ್ಟಾಪಿನಲ್ಲಿ ಮುದ್ದಣ್ಣನನ್ನು ಹಿಡಿದು, ಮದುಮಗಳ ಸೋದರಮಾವನಿಗೆ ಮಾತ್ರ ತಿಳಿಸಬೇಕು, ಅದೂ ಧಾರೆ ಮುಗಿದ ಮೇಲೆ, ಎಂದರು.

ಇದರ ಮರ್ಮ ಹೊರಗಿನವರಿಗೆ ತಿಳಿಯಲಿಕ್ಕಿಲ್ಲ. ಸಾವಿನ ಸುದ್ದಿ ಕಿವಿಗೆ ಬಿದ್ದ ಗಳಿಗೆಯಿಂದ ಸೂತಕ, ಶುಭಕಾರ್ಯ ನಿಲ್ಲಲೇಬೇಕು. ಕಿವಿಗೆ ಬೀಳದಿದ್ದರೆ ಸೂತಕವಿಲ್ಲ. ಅಂದರೆ ಆ ದಿನ ಮದುವೆ ನಡೆಯುವುದು ಬಿಡುವುದು ಮುಹೂರ್ತದ ಮೇಲಲ್ಲ, ಸುದ್ದಿ ಹೊತ್ತವರ ಬಾಯಿಯ ಮೇಲೆ ನಿಂತಿತ್ತು. ಉಡುಪಿಗೆ ಬಂದು ನೋಡಿದರೆ ಕಾಪುವಿಗೆ ಹೊರಟು ನಿಂತದ್ದು ಅದೇ ಕೂಗುಮಾರಿಯ ಬಸ್ಸು. ಮುದ್ದಣ್ಣ ಟಿಕೆಟಿನ ಚೀಲವನ್ನು ದೂಮಪ್ಪನ ಮಡಿಲಿಗೆ ಹಾಕಿ, "ಇವತ್ತು ನೀವೇ ನೋಡಿಕೊಳ್ಳಿ" ಎಂದು ತಾವೇ ಕಾಪುವಿನ ಬಸ್ಸು ಹತ್ತಿದರು. ಖಾಕಿ ಅಂಗಿಯಲ್ಲೇ ಹಾಲಿನ ಹಿಂದಿನ ಸಾಲಿನಲ್ಲಿ ನಿಂತರು. ಧಾರೆಯಾಯಿತು, ಅಕ್ಷತೆ ಹಾಕಿದರು, ಆಮೇಲೆ ಸೋದರಮಾವನನ್ನು ಹೊರಗೆ ಕರೆದು ಹೇಳಿದರು. ಊಟ ಮಾಡಲಿಲ್ಲ. ಬಸ್ಸು ಬಿಟ್ಟು ಹೋದದ್ದಕ್ಕೆ ಧಣಿ ಅವರನ್ನು ಒಂದು ತಿಂಗಳು ಮನೆಯಲ್ಲಿ ಕೂರಿಸಿದರು.

ಈ ಕಥೆಯನ್ನು ಮುದ್ದಣ್ಣ ಹೆಮ್ಮೆಯಿಂದ ಹೇಳುತ್ತಿದ್ದರು. "ಒಂದು ಹೆಣ್ಣಿನ ಮದುವೆ ಉಳಿಯಿತು ಟೀಚರ್, ಕೆಲಸ ಹೋದರೆ ಹೋಗಲಿ" ಎನ್ನುತ್ತಿದ್ದರು. ಮನೋರಮಾ ಮಾತ್ರ ಆಮೇಲೆ ಅವರ ಬಸ್ಸು ಹತ್ತಲಿಲ್ಲ. ತವರಿಗೆ ಬರುವಾಗಲೂ ಒಂದು ಬಸ್ಸು ಬಿಟ್ಟು ಇನ್ನೊಂದಕ್ಕೆ ಕಾಯುತ್ತಿದ್ದಳು. ಎದುರು ಸಿಕ್ಕರೆ ತಲೆ ತಗ್ಗಿಸಿ ಹೋಗುತ್ತಿದ್ದಳು. ಮದುವೆಯಾದ ಹೆಣ್ಣಿಗೆ ನಾಚಿಕೆ ಎಂದು ಮುದ್ದಣ್ಣ ತಿಳಿದಿದ್ದರು. ಗಂಡಸರ ಬುದ್ಧಿ ಇಂಥ ಕಡೆ ಮೊಣಕಾಲಿನಿಂದ ಮೇಲೆ ಏರುವುದಿಲ್ಲ.

ಮುದ್ದಣ್ಣ ಮದುವೆಯಾಗಲಿಲ್ಲ. ಅವರ ತಂಗಿಯ ಮಕ್ಕಳು ಇಬ್ಬರು: ಪ್ರಖ್ಯಾತ್ ಮತ್ತು ಮೋಕ್ಷಾ. ತಂದೆ ಬೇಗ ಹೋದ ಮೇಲೆ ಆ ಮಕ್ಕಳನ್ನು ದಡ ಮುಟ್ಟಿಸಿದ್ದು ಈ ಮಾಮನೇ. ಮೋಕ್ಷಾ ತಾಯಿಯೊಂದಿಗೆ ಕಾರ್ಕಳದಲ್ಲಿದ್ದಳು. ಪ್ರಖ್ಯಾತ್ ಮಣಿಪಾಲದಲ್ಲಿ ಕಂಪ್ಯೂಟರ್ ರಿಪೇರಿಯ ಅಂಗಡಿ ಇಟ್ಟುಕೊಂಡು ಸಂತೆಕಟ್ಟೆಯಲ್ಲಿ ಮಾಮನ ಜೊತೆಗಿದ್ದ.

ನಿವೃತ್ತಿಯ ನಂತರ ಮುದ್ದಣ್ಣನ ಕೈಗೂ ಮೊಬೈಲು ಬಂತು. ಒಂದು ದಿನ ಗೆಳೆಯನೊಬ್ಬನಿಗೆ ತಮ್ಮ ಸಕ್ಕರೆ ಕಾಯಿಲೆಯ ಬಗ್ಗೆ ಬರೆದರು. ಮರುದಿನದಿಂದ ಫೋನು ತೆರೆದರೆ ಸಾಕು, ಹಾಗಲಕಾಯಿ ಪುಡಿಯ ಜಾಹೀರಾತು. "ನನಗೆ ಸಕ್ಕರೆ ಉಂಟು ಅಂತ ಇವನಿಗೆ ಯಾರು ಹೇಳಿದ್ದು ಮಾರಾಯ?" ಎಂದು ಅಂಗಳದಲ್ಲಿ ನಿಂತು ಕೂಗಾಡಿದರು. ಹಾಗೆ ಕೂಗಿದ್ದರಿಂದ ನಮ್ಮ ಓಣಿಗೂ ಗೊತ್ತಾಯಿತು.

ಆಗ ಪ್ರಖ್ಯಾತ್ 'ಚಾವಡಿ' ಕಟ್ಟಿದ. ಯಾವ ದೊಡ್ಡ ಕಂಪೆನಿಯದ್ದೂ ಅಲ್ಲ, ಅವನ ಅಂಗಡಿಯ ಮೂಲೆಯ ಒಂದು ಕಂಪ್ಯೂಟರಿನಲ್ಲಿ ನಡೆಯುವ ಮಾತಿನ ಜಾಗ. ಹಳೆಯ ಕಂಡಕ್ಟರ್, ಡ್ರೈವರ್, ನನ್ನಂಥ ಹಳೆಯ ಪ್ರಯಾಣಿಕರೆಲ್ಲ ಸೇರಿದೆವು. ಅದನ್ನು ನೋಡಿ ಕಾರ್ಕಳದವರು ತಮ್ಮದೊಂದು ಚಾವಡಿ ಕಟ್ಟಿದರು, ಕಾಪುವಿನವರು ಇನ್ನೊಂದು. ಮೂರಕ್ಕೂ ಬೇರೆ ಬೇರೆ ಕಂಪ್ಯೂಟರು, ಬೇರೆ ಯಜಮಾನಿಕೆ, ಬೇರೆ ಕಟ್ಟುಪಾಡು. ಆದರೆ ಒಂದಕ್ಕೊಂದು ಕೊಂಡಿ ಇದೆ. ಉಡುಪಿಯಲ್ಲಿ ಕೂತು ಕಾಪುವಿನವರ ಮಾತು ಓದಬಹುದು. ಎಲ್ಲಕ್ಕೂ ಒಡೆಯನಾದವನು ಯಾರೂ ಇಲ್ಲ.

ಪ್ರಖ್ಯಾತ್ ಇದನ್ನು ವಿವರಿಸಲು ತಾಸುಗಟ್ಟಲೆ ಒದ್ದಾಡಿದ. ಮುದ್ದಣ್ಣ ಒಂದೇ ಮಾತಿಗೆ ಮುಗಿಸಿದರು. "ನಮ್ಮ ಬಸ್ಸಿನ ಹಾಗೆಯೇ ಅಲ್ವಾ? ಇದಕ್ಕೆ ಇಷ್ಟು ಪಂಚಾತಿಕೆ ಎಂತಕ್ಕೆ?"

"ಹೌದು ಮಾಮ. ಆದರೆ ಕಾಪುವಿನವರು ಓದಬೇಕಾದರೆ ಒಂದು ಪ್ರತಿ ಕಾಪುವಿನ ಕಂಪ್ಯೂಟರಿಗೆ ಹೋಗುತ್ತದೆ. ಆಮೇಲೆ ನಾನು ಇಲ್ಲಿ ಅಳಿಸಿದರೆ, ನೀವೂ ಅಳಿಸಿ ಅಂತ ಅವರಿಗೆ ಹೇಳಬಹುದು ಅಷ್ಟೆ. ಅಳಿಸುವುದು ಬಿಡುವುದು ಅವರ ಕೈಯಲ್ಲಿ ಉಂಟು."

ಕಾಪುವಿನ ಚಾವಡಿಯ ಯಜಮಾನಿಕೆ ಯಾರದ್ದು ಗೊತ್ತೇ? ಮನೋರಮಾಳದ್ದು. ಸಹಕಾರಿ ಸಂಘದಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಂಡಿದ್ದವಳು, ಸ್ವಯಂ ನಿವೃತ್ತಿ ತೆಗೆದುಕೊಂಡು ಇದಕ್ಕೆ ಕೂತಿದ್ದಳು. ಅವಳೂ ಮುದ್ದಣ್ಣನೂ ಮಾತಾಡುತ್ತಿರಲಿಲ್ಲ, ಅವರ ಕಂಪ್ಯೂಟರುಗಳು ದಿನವಿಡೀ ಮಾತಾಡುತ್ತಿದ್ದವು.

ಹೋದ ವರ್ಷ ಮೋಕ್ಷಾಳ ಮದುವೆ ನಿಶ್ಚಯವಾಯಿತು. ತಂದೆಯಿಲ್ಲದ ಹುಡುಗಿಗೆ ಧಾರೆ ಎರೆಯಬೇಕಾದವರು ಮಾಮ. ಅಷ್ಟರಲ್ಲೇ ಮುದ್ದಣ್ಣನಿಗೆ ಹೊಟ್ಟೆನೋವು ಶುರುವಾಗಿ, ಮಣಿಪಾಲದ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿದರೆ ಲಿವರಿನಲ್ಲಿ ಗಡ್ಡೆ. ಹರಡಿಯಾಗಿತ್ತು. ಮದುವೆಗೆ ಇನ್ನೂ ಎರಡು ತಿಂಗಳಿತ್ತು. ಅಷ್ಟು ದಿನ ಸಿಗುವುದೆಂದು ಡಾಕ್ಟರು ಭರವಸೆ ಕೊಡಲಿಲ್ಲ.

ಮುದ್ದಣ್ಣ ತಮ್ಮ ಕಸುಬಿಗೆ ಇಳಿದರು. ತಂಗಿಗೂ ಮೋಕ್ಷಾಳಿಗೂ ಗೊತ್ತಾಗಬಾರದು. ಗೊತ್ತಾದರೆ ಹುಡುಗಿ ಮದುವೆ ಮುಂದೂಡುತ್ತಾಳೆ. ಅಷ್ಟರಲ್ಲಿ ತಾನು ಹೋದರೆ ಸೂತಕ, ಆಮೇಲೆ ಆಷಾಢ, ಆಮೇಲೆ ಗಂಡಿನ ಕಡೆಯವರ ಮನಸ್ಸು ಹೇಗೋ ಏನೋ. ಬೊಂಬಾಯಿಯ ನೆಂಟರಿಗೆ ಮದುವೆಯ ಕಾಗದ ಹಂಚಲು ಹೋಗಿದ್ದೇನೆಂದು ಕಾರ್ಕಳಕ್ಕೆ ಫೋನು ಮಾಡಿ ಆಸ್ಪತ್ರೆಯಲ್ಲಿ ಮಲಗಿದರು. ನಮ್ಮಂಥ ಕೆಲವು ಹಳಬರಿಗೆ ಮಾತ್ರ ಕಾಣುವಂತೆ ಪ್ರಖ್ಯಾತನಿಂದ ಚಾವಡಿಯಲ್ಲಿ ಬರೆಸಿದರು: ಕಾಯಿಲೆ ಹೀಗಿದೆ, ನೋಡಬೇಕೆನಿಸಿದರೆ ಬನ್ನಿ, ಮದುವೆಯಾಗುವವರೆಗೆ ಯಾರಿಗೂ ಹೇಳಬೇಡಿ.

ಆ ಹಳಬರಲ್ಲಿ ದೂಮಪ್ಪ ಒಬ್ಬರು. ಅವರೀಗ ಕಾಪುವಿನಲ್ಲಿ ಮಗಳ ಮನೆಯಲ್ಲಿದ್ದಾರೆ, ಅಲ್ಲಿಯ ಚಾವಡಿಯ ಸದಸ್ಯರು. ಓದಿ ಅತ್ತರಂತೆ. ಗೆಳೆಯನ ಗುಟ್ಟು ಕಾಪಾಡುತ್ತೇನೆಂದು ಮಾತು ಕೊಡಬೇಕು ಎನಿಸಿತು. ಎಲ್ಲಿ ಒತ್ತಬೇಕೋ ಅಲ್ಲಿ ಬಿಟ್ಟು, ಎಲ್ಲರೂ ಓದುವ ಜಾಗದಲ್ಲಿ ಬರೆದರು: "ಮುದ್ದಣ್ಣನ ಗಡ್ಡೆಯ ವಿಷಯ ನನ್ನ ಬಾಯಿಯಿಂದ ಹೊರಗೆ ಬರುವುದಿಲ್ಲ. ದೇವರಾಣೆ. ಮೋಕ್ಷಾಳಿಗೆ ಮದುವೆಯವರೆಗೆ ಖಂಡಿತ ಗೊತ್ತಾಗಬಾರದು."

ಹಾರ್ನ್ ಒತ್ತುವ ಅಭ್ಯಾಸ ಅಷ್ಟು ಸುಲಭಕ್ಕೆ ಹೋಗುವುದಿಲ್ಲ.

ಪ್ರಖ್ಯಾತ್ ನೋಡಿ ತಲೆಯ ಮೇಲೆ ಕೈಯಿಟ್ಟ. ತನ್ನ ಚಾವಡಿಯಲ್ಲಿ ಬಂದ ಪ್ರತಿಯನ್ನು ಅಳಿಸಿದ. ಕಾಪುವಿನದ್ದು ಕಾಪುವಿನಲ್ಲೇ ಇತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬೇರೆ ದಾರಿಯಿಲ್ಲದೆ ಮನೋರಮಾಳಿಗೆ ಫೋನು ಮಾಡಿದ. "ಅಕ್ಕ, ದಯಮಾಡಿ ಅದನ್ನು ತೆಗೆಯಿರಿ."

"ಆಗಲೇ ತೆಗೆದಿದ್ದೇನೆ. ನಿನ್ನ ಮಾಮ ಯಾವ ವಾರ್ಡಿನಲ್ಲಿದ್ದಾರೆ?" ಎಂದಳು ಮನೋರಮಾ.

ಮಧ್ಯಾಹ್ನ ಅವಳು ವಾರ್ಡಿಗೆ ಬಂದಾಗ ನಾನು ಅಲ್ಲೇ ಕೂತು ಗಂಜಿಯ ಪಾತ್ರೆ ತೆರೆಯುತ್ತಿದ್ದೆ. ಮುದ್ದಣ್ಣ ಎದ್ದು ಕೂರಲು ಹೋದರು, ಆಗಲಿಲ್ಲ. ಮೈ ಅಷ್ಟು ಬತ್ತಿತ್ತು.

"ಕೂತುಕೊಳ್ಳಿ ಮನೋರಮಕ್ಕ," ಎಂದರು. ಎರಡು ಜಡೆಯ ಕಾಲದಲ್ಲಿ ಏಕವಚನದಲ್ಲಿ ಗದರಿಸುತ್ತಿದ್ದವರು.

ಅವಳು ಕೂರಲಿಲ್ಲ. "ದೂಮಣ್ಣ ಬರೆದದ್ದನ್ನು ತೆಗೆದೆ. ಮೋಕ್ಷಾ ಓದುವ ಕಾರ್ಕಳದ ಚಾವಡಿಯವರಿಗೂ ಹೇಳಿ ತೆಗೆಸಿದೆ. ಮೋಕ್ಷಾ ನೋಡಲಿಲ್ಲ. ನಿಮ್ಮ ಕಾಯಿಲೆ ಊರಿನವರಿಗೆ ಎಂತಕ್ಕೆ ಬೇಕು?"

"ದೊಡ್ಡ ಉಪಕಾರ ಆಯಿತು."

"ಉಪಕಾರ ಅಲ್ಲ ಅದು, ನನ್ನ ಕೆಲಸ. ಈಗ ಮೋಕ್ಷಾಳಿಗೆ ನೀವು ಹೇಳಬೇಕು."

"ಬೇಡ ಅಮ್ಮಾ. ಮದುವೆ ಒಂದು ಆಗಲಿ. ನಿಮ್ಮದೂ ಹಾಗೆಯೇ ಅಲ್ವಾ ಉಳಿದದ್ದು?"

ನನ್ನ ಕೈಯ ಚಮಚ ಅಲ್ಲೇ ನಿಂತಿತು. ಮನೋರಮಾ ಮಾತಾಡಿದಳು, ಜೋರಾಗಿ ಅಲ್ಲ.

"ಹೌದು, ಉಳಿಯಿತು. ಒಳ್ಳೆಯ ಗಂಡ, ಒಳ್ಳೆಯ ಮಕ್ಕಳು. ಅದಕ್ಕೇ ನನಗೆ ನಿಮಗೆ ಬೈಯಲಿಕ್ಕೂ ಆಗಲಿಲ್ಲ, ಮರೆಯಲಿಕ್ಕೂ ಆಗಲಿಲ್ಲ. ಆ ದಿನ ಹಾಲಿನಲ್ಲಿ ನಿಮ್ಮನ್ನು ನೋಡಿ ನನಗೆಷ್ಟು ಖುಷಿಯಾಯಿತು ಗೊತ್ತುಂಟಾ? ನಮ್ಮ ಬಸ್ಸಿನ ಮುದ್ದಣ್ಣ ಕೂಡ ಬಂದಿದ್ದಾರೆ ಅಂತ ಗಂಡನಿಗೆ ತೋರಿಸಿದೆ. ನೀವು ಅಕ್ಷತೆ ಹಾಕಿದಿರಿ, ನಾನು ನಕ್ಕೆ. ನೀವು ಆಗ ನನ್ನ ಅಪ್ಪನ ಸಾವನ್ನು ಜೇಬಿನಲ್ಲಿ ಇಟ್ಟುಕೊಂಡು ನಿಂತಿದ್ದಿರಿ."

"ಅವರು ನನಗೆ ಹೇಳಿದ್ದು ಹಾಗೆ. ಮಾವನಿಗೆ ಮಾತ್ರ ಅಂತ."

"ಸುದ್ದಿ ಯಾರದ್ದು ಮುದ್ದಣ್ಣ? ಹೋದದ್ದು ನನ್ನ ಅಪ್ಪ. ಊರಿಗೆ ಹೇಳದೆ ಇದ್ದದ್ದು ಸರಿ, ಅದು ಊರಿನದ್ದಲ್ಲ. ನನ್ನದನ್ನು ನನಗೇ ಕೊಡದೆ ಬೇರೆಯವರ ಕೈಗೆ ಕೊಟ್ಟಿರಿ. ಧಾರೆ ಆಗಲಿ ಅಂತ ನಾನೇ ಹೇಳುತ್ತಿದ್ದೆನೋ ಏನೋ. ಯಾರಾದರೂ ಕೇಳಬೇಕಿತ್ತು."

ಬದುಕಿನುದ್ದಕ್ಕೂ ತಾನು ಮಾಡಿದ ಒಳ್ಳೆಯ ಕೆಲಸವೆಂದು ನಂಬಿದ್ದನ್ನು ಒಬ್ಬರು ಬಂದು ಎದುರಿಗೇ ಮಗುಚಿ ಹಾಕಿದರೆ ಹೇಗಿರಬೇಡ? ನನಗೆ ಮುದ್ದಣ್ಣನ ಮೇಲೆ ಕನಿಕರ ಬಂತು. ಅವಳು ಹೇಳಿದ್ದು ನಿಜವೆಂದೂ ಗೊತ್ತಾಯಿತು. ಎರಡೂ ಒಟ್ಟಿಗೇ ಬಂದರೆ ಕಣ್ಣೀರು ಬಿಟ್ಟು ಬೇರೆ ದಾರಿಯಿಲ್ಲ, ನಾನು ಅತ್ತೆ.

"ಮೋಕ್ಷಾ ಮದುವೆ ಮುಂದೂಡಿದರೆ?" ಎಂದರು ಮುದ್ದಣ್ಣ.

"ಮುಂದೂಡಲಿ. ಬೇಗ ಮಾಡಲಿ. ಬೇಡ ಅನ್ನಲಿ. ಅವಳು ನಿರ್ಧಾರ ಮಾಡಲಿ. ಧಾರೆಗೆ ನೀವು ಇರುವುದಿಲ್ಲ ಅಂತ ಅವಳಿಗೆ ಗೊತ್ತಾಗುವುದು ಮಂಟಪದಲ್ಲಾ? ನಾನು ಹೇಳುವುದಿಲ್ಲ, ನನಗೆ ಅದರ ಅಧಿಕಾರ ಇಲ್ಲ. ನೀವು ಹೇಳಿ."

ಗಂಜಿ ಆರಿತು. ಪ್ರಖ್ಯಾತ್ ಒಮ್ಮೆ ಅವರ ಮುಖ, ಒಮ್ಮೆ ಇವಳ ಮುಖ ನೋಡುತ್ತಾ ಬಾಗಿಲಲ್ಲೇ ನಿಂತಿದ್ದ. ಮುದ್ದಣ್ಣ ಅವನ ಕಡೆ ಕೈ ಚಾಚಿದರು.

"ಫೋನು ಕೊಡು ಮಗಾ."

ಆಚೆಯಿಂದ ಮೋಕ್ಷಾಳ ಸ್ವರ ನಮಗೆಲ್ಲ ಕೇಳಿಸಿತು. "ಎಂತ ಮಾಮ, ಬೊಂಬಾಯಿಯಲ್ಲಿ ಸೆಕೆ ಉಂಟಾ? ಕಾಗದ ಎಲ್ಲ ಹಂಚಿ ಆಯಿತಾ?"

ಮುದ್ದಣ್ಣ ಕಣ್ಣು ಮುಚ್ಚಿದರು. "ನಾನು ಬೊಂಬಾಯಿಯಲ್ಲಿ ಇಲ್ಲ ಮಗಾ. ಮಣಿಪಾಲದಲ್ಲಿದ್ದೇನೆ. ಆಸ್ಪತ್ರೆಯಲ್ಲಿ." ಆಮೇಲೆ ಗಡ್ಡೆ ಎಂಬ ಮಾತನ್ನೂ ಹೇಳಿದರು, ಡಾಕ್ಟರು ಹೇಳಿದ್ದನ್ನೂ ಹೇಳಿದರು, ಏನನ್ನೂ ಉಳಿಸಿಕೊಳ್ಳಲಿಲ್ಲ.

ಸಂಜೆಯ ಹೊತ್ತಿಗೆ ಮೋಕ್ಷಾ ತಾಯಿಯನ್ನು ಕರೆದುಕೊಂಡು ಬಂದಳು. ಬಂದವಳೇ ಮೊದಲು ಬೈದಳು. ಸುಳ್ಳು ಹೇಳಿದ್ದಕ್ಕೆ, ಬೊಂಬಾಯಿಗೆ ಹೋಗಿದ್ದೇನೆ ಎಂದದ್ದಕ್ಕೆ, ತೆಳ್ಳಗಾದದ್ದಕ್ಕೆ ಕೂಡ ಬೈದಳು. ಮುದ್ದಣ್ಣ ಬೈಸಿಕೊಂಡರು. ಬೈಗುಳ ಮುಗಿದಾಗ ಅವಳು ಮಾಮನ ಹೊಟ್ಟೆಯ ಮೇಲೆ ಕೈಯಿಟ್ಟು, "ಎಲ್ಲಿ ನೋವು?" ಎಂದು ಕೇಳಿದಳು. ತಂಗಿ ಗೋಡೆಗೆ ಒರಗಿ ನಿಂತರು. ನಾವು ಹೊರಗಿನವರು ಕಾರಿಡಾರಿಗೆ ಬಂದೆವು. ಮನೋರಮಾ ಕಾಪುವಿನ ಬಸ್ಸು ಹಿಡಿಯಬೇಕು ಎಂದಳು, ಆದರೆ ನನ್ನ ಪಕ್ಕದಲ್ಲೇ ಕೂತಳು.

ಮೋಕ್ಷಾಳೇ ಹೇಳಿದಂತೆ ಮದುವೆ ಆ ವಾರವೇ ಆಯಿತು. ಅಷ್ಟು ಬೇಗಕ್ಕೆ ಮದುವೆಯ ಹಾಲ್ ಸಿಗಲಿಲ್ಲ, ಪುರೋಹಿತರು ಮುಹೂರ್ತ ಕುಂಟು ಎಂದು ಗೊಣಗಿದರು. ಗಂಡಿನ ಕಡೆಯವರು ಮಾತ್ರ ಎರಡು ಮಾತಾಡದೆ ಒಪ್ಪಿದರು. ಮುದ್ದಣ್ಣ ಅಷ್ಟು ಹೆದರಿದ್ದು ಇದೇ ಜನಕ್ಕೆ. ಕಾರ್ಕಳದ ಮನೆಯಂಗಳದಲ್ಲಿ ಸಣ್ಣ ಚಪ್ಪರ ಹಾಕಿದರು. ಮುದ್ದಣ್ಣನನ್ನು ಕಾರಿನಲ್ಲಿ ಕರೆತಂದು, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಡಿಸಿ ಕುರ್ಚಿಯಲ್ಲಿ ಕೂರಿಸಿದರು. ಅಂಗಿಯೊಳಗೆ ಅವರು ಎಲ್ಲಿದ್ದಾರೆಂದು ಹುಡುಕಬೇಕಿತ್ತು.

ಧಾರೆಯ ಹೊತ್ತಿಗೆ ವಾದ್ಯ ಜೋರಾಯಿತು. ಹುಡುಗ ಹುಡುಗಿಯ ಕೈಗಳನ್ನು ಒಂದರ ಮೇಲೊಂದು ಇಡಿಸಿದರು. ಮುದ್ದಣ್ಣ ಕುರ್ಚಿಯಿಂದ ಎದ್ದು ತಂಬಿಗೆ ಹಿಡಿದರು. ತಂಬಿಗೆ ವಾಲಿ ನೀರು ಆಚೆಗೆ ಚೆಲ್ಲಿತು. ಪ್ರಖ್ಯಾತ್ ಮುಂದೆ ಬರುವಷ್ಟರಲ್ಲಿ ಹೆಂಗಸರ ಸಾಲಿನಿಂದ ಮನೋರಮಾ ಎದ್ದುಬಂದು ಅವರ ಮೊಣಕೈ ಹಿಡಿದಳು. ಅವರು ತಿರುಗಿ ನೋಡಿದರು. ಅವಳು, "ಎರೆಯಿರಿ ಮುದ್ದಣ್ಣ, ನಾನು ಹಿಡಿದಿದ್ದೇನೆ" ಎಂದಳು. ನೀರು ಸರಿಯಾದ ಕಡೆ ಬಿತ್ತು. ಮೋಕ್ಷಾ ತಲೆಯೆತ್ತಿ ಮಾಮನನ್ನೇ ನೋಡುತ್ತಾ ಮುಚ್ಚುಮರೆಯಿಲ್ಲದೆ ಅಳುತ್ತಿದ್ದಳು. ಮದುಮಗಳು ಯಾಕೆ ಅಳುತ್ತಿದ್ದಾಳೆಂದು ಆ ಚಪ್ಪರದಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಎಲ್ಲರಿಗಿಂತ ಮೊದಲು ಅವಳಿಗೆ ಗೊತ್ತಿತ್ತು.